ಹಳೆಯ ಮಾಳಿಗೆ ಮನೆಯ ತೊಲೆ, ಜಂತಿ: ಗುಜರಿಗೆ ಕೊಡಲೇ, ಮೇಜು ಮಾಡಿಸಲೇ?

ಮಾಳಿಗೆಮನೆ (ಕೊಪ್ಪಳ, ಸದ್ಯ ಬೆಂಗಳೂರು) · ಫೆಬ್ರುವರಿ 9

ಎಲ್ಲರಿಗೂ ನಮಸ್ಕಾರ. ಕೊಪ್ಪಳ ತಾಲ್ಲೂಕಿನಲ್ಲಿ, ಮುನಿರಾಬಾದ್ ಕಡೆಗೆ, ನಮ್ಮ ಅಜ್ಜ ಕಟ್ಟಿಸಿದ ಐದು ಅಂಕಣದ ಮಾಳಿಗೆ ಮನೆ (ಕಟ್ಟಿಗೆಯ ಮೇಲೆ ಮಣ್ಣು ಹಾಸಿದ ಸಮತಟ್ಟು ಮೇಲ್ಛಾವಣಿಯದು) ಇದೆ. ಎರಡು ಮಳೆಗಾಲದಿಂದ ಮೇಲ್ಮುದ್ದೆ ಸೋರುತ್ತಿದೆ, ಹಿತ್ತಲ ಗೋಡೆ ಉಬ್ಬಿ ನಿಂತಿದೆ. ದುರಸ್ತಿ ಮಾಡುವ ಕೈಗಳು ಊರಲ್ಲಿ ಉಳಿದಿಲ್ಲ, ಮಾಡಿಸುವ ದುಡ್ಡು ನಮ್ಮಲ್ಲಿಲ್ಲ. ಮಳೆಗೆ ಮೊದಲೇ ಬಿಚ್ಚಿಬಿಡೋಣ ಎಂದು ಮನೆಯವರೆಲ್ಲ ಕೂತು ತೀರ್ಮಾನಿಸಿದ್ದೇವೆ.

ಒಳಗಿರುವುದು: ಹನ್ನೆರಡು ಅಡಿ ಉದ್ದ, ಎಂಟು ಇಂಚು ದಪ್ಪದ, ಮಾಳಿಗೆಯ ಭಾರ ಹೊರುವ ಆರು ತೊಲೆ. ಅವುಗಳ ಮೇಲೆ ಅಡ್ಡಲಾಗಿ ಹಾಸಿದ ಎಪ್ಪತ್ತರ ಆಸುಪಾಸು ಜಂತಿ (ಚಿಕ್ಕವನಿದ್ದಾಗ ನಿದ್ದೆ ಬಾರದ ರಾತ್ರಿ ಎಣಿಸಿದ್ದು, ಪ್ರತಿ ಸಲವೂ ಬೇರೆ ಲೆಕ್ಕ ಬರುತ್ತಿತ್ತು). ಬೋದಿಗೆ (ಕಂಬದ ತಲೆಯ ಮೇಲಿನ ಕಟ್ಟಿಗೆ) ಸಮೇತ ಎಂಟು ಕಂಬ. ಕೆತ್ತನೆಯ ಚೌಕಟ್ಟಿರುವ ತಲಬಾಗಿಲು. ಹಸಿರು ಬಣ್ಣ ಬಳಿದ ನಾಲ್ಕು ಒಳಬಾಗಿಲು. ಅಟ್ಟದ ಹಲಗೆಗಳು. ಹಿತ್ತಲಲ್ಲಿ ಎತ್ತಿನ ಬಂಡಿಯ ಎರಡು ಗಾಲಿ.

ಗುಜರಿಯವರು ಬಂದು ಅರ್ಧ ಗಂಟೆ ಓಡಾಡಿ ಎಲ್ಲಕ್ಕೂ ಸೇರಿ 22,000 ರೂಪಾಯಿ ಎಂದರು. ಕಾಕಾ ಕೊಟ್ಟುಬಿಡು ಎನ್ನುತ್ತಾರೆ. ಅವ್ವ ಮಾತ್ರ, ಅಜ್ಜ ಮಲಗೆದ್ದ ಮನೆಯ ಕಟ್ಟಿಗೆಯನ್ನು ತೂಕಕ್ಕೆ ಹಾಕಬೇಡ ಎಂದು ಹಟ ಹಿಡಿದಿದ್ದಾಳೆ. ಊಟದ ಮೇಜು, ಒಂದು ಬೆಂಚು, ಸಾಧ್ಯವಾದರೆ ಪುಸ್ತಕದ ಕಪಾಟು ಮಾಡಿಸಬೇಕೆಂದು ನನಗೆ ಆಸೆ. ಪೇಟೆಯ ಒಬ್ಬ ಬಡಿಗೇರರನ್ನು ಕೇಳಿದರೆ, ಹೊಸ ಕಟ್ಟಿಗೆ ತನ್ನಿ, ಹಳೆಯದನ್ನು ನನ್ನ ಯಂತ್ರದ ಹತ್ತಿರವೂ ತರಬೇಡಿ ಎಂದರು. ಏನು ಮಾಡಲಿ?

ಉಳಿಬಾಚಿ (ರಾಯಚೂರು) · ಫೆಬ್ರುವರಿ 9

ಆ ಬಡಿಗೇರರ ಮೇಲೆ ಸಿಟ್ಟು ಬೇಡ. ಹಳೆಯ ಜಂತಿಯಲ್ಲಿ ಮುರಿದು ಕೂತ ಒಂದು ಮೊಳೆ ಸಾಕು, ಕಟ್ಟಿಗೆ ನುಣುಪು ಮಾಡುವ ರಂಧಾ ಯಂತ್ರದ ಬ್ಲೇಡು ಹಲ್ಲುದುರಿದ ಮುದುಕಿಯಂತಾಗುತ್ತದೆ. ಮೂವತ್ತು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ, ನಾನೂ ಒಮ್ಮೆ ಬ್ಲೇಡು ಕಳೆದುಕೊಂಡ ಮೇಲೆಯೇ ಕಲಿತದ್ದು.

ಮೊದಲು ಯಾವ ಕಟ್ಟಿಗೆ ಎಂದು ತಿಳಿಯಿರಿ. ತೊಲೆಯ ತುದಿಯಲ್ಲಿ, ಗೋಡೆಯೊಳಗೆ ಹುದುಗಿದ ಜಾಗದ ಪಕ್ಕ, ಉಳಿಯಿಂದ ಹೆಬ್ಬೆರಳಗಲ ಚಕ್ಕೆ ತೆಗೆಯಿರಿ. ಹೊಂಬಣ್ಣ, ಕೈಗೆ ಮೇಣ ಸವರಿದಂಥ ನುಣುಪು, ಚರ್ಮದಂಥ ವಾಸನೆ ಇದ್ದರೆ ಸಾಗವಾನಿ. ಕೆಂಪು ಛಾಯೆ ಇದ್ದು ನಾಲಿಗೆಗೆ ಕಹಿ ಹತ್ತಿದರೆ ಬೇವು. ಉಳಿ ಪುಟಿದು ವಾಪಸು ಬಂದರೆ ಕರಿಜಾಲಿ. ನಮ್ಮ ಕಡೆಯ ಮನೆಗಳಲ್ಲಿ ಎಲ್ಲವೂ ಸಾಗವಾನಿ ಇರುವುದಿಲ್ಲ. ಜನ ನೋಡುವ ತಲಬಾಗಿಲಿಗೆ ಸಾಗವಾನಿ, ಭಾರ ಹೊರುವ ತೊಲೆಗೆ ಬೇವು, ಜಂತಿಗೆ ಆ ವರ್ಷ ಏನು ಸಿಕ್ಕಿತೋ ಅದು.

ತಂಗಾಳಿ (ಲಿಂಗಸುಗೂರು) · ಫೆಬ್ರುವರಿ 10

ಒಂದು ಮಾತು ಹೇಳುತ್ತೇನೆ, ಬೇಸರ ಬೇಡ. ಬಿಚ್ಚುವ ಕೂಲಿ, ಟ್ರ್ಯಾಕ್ಟರ್ ಬಾಡಿಗೆ, ಸಾಮಿಲ್ಲಿನ ಖರ್ಚು, ಬಡಿಗೇರರ ಕೂಲಿ, ಬೆಂಗಳೂರಿಗೆ ಲಾರಿ. ಇಷ್ಟರಲ್ಲಿ ಪ್ಲೈವುಡ್ಡಿನ ಎರಡು ಮೇಜು ಬರುತ್ತವೆ, ಜೊತೆಗೆ ಕುರ್ಚಿಗಳೂ. ಹಳೆಯದೆಲ್ಲ ಚಿನ್ನ ಎಂಬ ಭ್ರಮೆ ಈಗ ಹೆಚ್ಚಾಗಿದೆ.

ಗುಜರಿಲೆಕ್ಕ (ಬಳ್ಳಾರಿ) · ಫೆಬ್ರುವರಿ 10

ತಂಗಾಳಿಯವರ ಲೆಕ್ಕ ಸುಳ್ಳಲ್ಲ. ನಾನು ಹಳೆಯ ಕಟ್ಟಿಗೆ ವ್ಯಾಪಾರದವನು, ಆದ್ದರಿಂದ 22,000 ಎಂದವರ ಪರವಾಗಿಯೂ ಎರಡು ಮಾತು. ಮಾಳಿಗೆಯ ಮೇಲೆ ಒಂದಡಿ, ಒಂದೂವರೆ ಅಡಿ ಮಣ್ಣಿರುತ್ತದೆ. ಸೋರಿದಾಗಲೆಲ್ಲ ಮೇಲೆ ಮತ್ತೊಂದು ಪದರ ಸವಳು ಮಣ್ಣು ಹಾಕಿರುತ್ತಾರೆ, ಅದನ್ನು ಬುಟ್ಟಿಯಲ್ಲಿ ಇಳಿಸುವುದೇ ನಾಲ್ಕು ಆಳಿನ ಕೆಲಸ. ಜಂತಿಯಲ್ಲಿ ಅರ್ಧಕ್ಕರ್ಧ ಇಟ್ಟಿಗೆ ಭಟ್ಟಿಗೆ ಹೋಗುವ ಸೌದೆ. ನಮಗೆ ದುಡ್ಡು ಬರುವುದು ತಲಬಾಗಿಲಿನಿಂದ ಮತ್ತು ಕಂಬದಿಂದ. ಬೆಲೆ ಕಟ್ಟುವಾಗ ಇಡೀ ಮನೆಯನ್ನು ನೋಡಿದಂತೆ ಮಾಡುತ್ತೇವೆ, ಕಣ್ಣು ಮಾತ್ರ ಚೌಕಟ್ಟಿನ ಮೇಲಿರುತ್ತದೆ. ಗುಟ್ಟು ಬಿಟ್ಟುಕೊಟ್ಟೆ.

ಹಾಗಾಗಿ ಒಟ್ಟಿಗೆ ಕೊಡಬೇಡಿ. ತಲಬಾಗಿಲು, ತೊಲೆ, ಕಂಬ ಇಟ್ಟುಕೊಂಡು ಹುಳುಕು ಜಂತಿಯನ್ನಷ್ಟೇ ಮಾರಿ. ಇನ್ನೊಂದು ಮಾತು, ಜೆಸಿಬಿ ಕರೆಸಬೇಡಿ. ಅದು ಒಂದೇ ಗಂಟೆಯಲ್ಲಿ ಮನೆ ಕೆಡವುತ್ತದೆ, ತೊಲೆಯನ್ನೂ ಅದೇ ಗಂಟೆಯಲ್ಲಿ ಸೌದೆ ಮಾಡುತ್ತದೆ. ಮೇಲಿನಿಂದ ಕೆಳಗೆ ಬನ್ನಿ: ಮಣ್ಣು, ಜಂತಿ, ತೊಲೆ, ಕಂಬ. ಹೇಗೆ ಕಟ್ಟಿದ್ದರೋ ಅದರ ತಿರುವುಮುರುವು. ಪ್ರತಿಯೊಂದರ ತುದಿಗೂ ಸುಣ್ಣದಲ್ಲಿ ಸಂಖ್ಯೆ ಬರೆಯಿರಿ.

ಕೋಟೆಕೆಳಗಿನ ಮೇಷ್ಟರು (ಬಳ್ಳಾರಿ) · ಫೆಬ್ರುವರಿ 11

ನಾನು ನಿವೃತ್ತ ಶಿಕ್ಷಕ, ಬಡಗಿಯಲ್ಲ. ಆದರೆ ಸ್ವಂತ ಮನೆಯ ಎರಡು ಬಾಗಿಲುಗಳನ್ನು ಪುಸ್ತಕದ ಕಪಾಟು ಮಾಡಿಸಿದ್ದೇನೆ.

ಬಳ್ಳಾರಿ 1953ರ ಅಕ್ಟೋಬರ್‌ವರೆಗೆ ಮದ್ರಾಸಿಗೆ ಸೇರಿತ್ತು, ಕೊಪ್ಪಳ ಮತ್ತು ರಾಯಚೂರು 1948ರವರೆಗೆ ನಿಜಾಮರ ಕೈಯಲ್ಲಿದ್ದವು. ಮನೆಗಳಲ್ಲೂ ಈ ವ್ಯತ್ಯಾಸ ಇಣುಕುತ್ತದೆ. ನಮ್ಮ ಪೇಟೆಯ ಹಳೆಯ ಮನೆಗಳಲ್ಲಿ ಮದ್ರಾಸ್ ತಾರಸಿ ಕಾಣಬಹುದು: ಸಾಲಾಗಿ ಮರದ ಅಡ್ಡೆ, ಮೇಲೆ ಓರೆಯಾಗಿ ನಿಲ್ಲಿಸಿದ ಸಣ್ಣ ಇಟ್ಟಿಗೆ, ಸುಣ್ಣದ ಗಾರೆ. ನಮ್ಮದರಲ್ಲಿ ಆ ಅಡ್ಡೆಗಳು ಬರ್ಮಾ ತೇಗ, ಅಂದರೆ ಸಾಗವಾನಿ. ಹತ್ತರಿ ಹೊಡೆದು ಮೈ ನುಣುಪು ಮಾಡಿದ ದಿನ ಓಣಿಗೆಲ್ಲ ವಾಸನೆ ಹರಡಿತ್ತು.

ನಾನು ಬರೆಯಲು ಕೂತದ್ದು ನಿಮ್ಮ ಹಸಿರು ಬಾಗಿಲುಗಳ ಬಗ್ಗೆ. ಹಳೆಯ ಎಣ್ಣೆ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಬಹಳ. ಮನೆ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೆ ಮೊದಲಿನ ಬಣ್ಣವನ್ನು ಒಣಗಿದ್ದಾಗ ಮರಳು ಕಾಗದದಿಂದ ಉಜ್ಜಿದರೆ ಆ ಧೂಳು ಮಕ್ಕಳ ಹೊಟ್ಟೆಗೆ ಹೋಗುತ್ತದೆ. ನೀರು ಚಿಮುಕಿಸಿ ಒದ್ದೆ ಮಾಡಿ, ಅಗಲ ಪಟ್ಟಿಯಿಂದ ಕೆರೆಯಿರಿ. ಕೆಳಗೆ ಹಾಳೆ ಹಾಸಿ, ಉದುರಿದ್ದನ್ನೆಲ್ಲ ಮಡಚಿ ಕಟ್ಟಿ ಹೊರಹಾಕಿ. ಬೆಂಕಿ ತೋರಿಸಿ ಬಣ್ಣ ಸುಡುವುದಂತೂ ಬೇಡವೇ ಬೇಡ. ನಮ್ಮ ಮನೆಯಲ್ಲಿ ಕೆಲಸ ಮಾಡಿದ ಹುಡುಗ ಒಣ ಉಜ್ಜಾಟವನ್ನೇ ಶುರು ಮಾಡಿದ್ದ. ನಾನು ಪಾಠ ಶುರು ಮಾಡಿದೆ, ಅವನು ಮರುದಿನ ಬರಲಿಲ್ಲ.

ಸಿಂಧನೂರಕ್ಕ · ಫೆಬ್ರುವರಿ 13

ಮೇಷ್ಟರೇ, ಹುಡುಗ ಓಡಿಹೋದದ್ದು ಸೀಸಕ್ಕೆ ಹೆದರಿ ಅಲ್ಲ ಎಂದು ನನ್ನ ಅನುಮಾನ.

ಅಜ್ಜನ ಮನೆ ಇಲ್ಲದವರಿಗೂ ಒಂದು ದಾರಿ ಇದೆ. ನಾನು ಪ್ಯಾಲೆಟ್ ಹಲಗೆಯಿಂದ ಅಡುಗೆಮನೆಯ ಗೂಡು ಮಾಡಿಕೊಂಡೆ, ಗರಗಸ ಹಿಡಿದವಳೂ ನಾನೇ. ತೋರಣಗಲ್ಲು ಕಡೆಯ ಕಾರ್ಖಾನೆಗಳಿಗೆ ಯಂತ್ರದ ಬಿಡಿಭಾಗ ಹೊತ್ತು ಬಂದ ಪ್ಯಾಲೆಟ್‌ಗಳು ಗುಜರಿಗೆ ಬರುತ್ತವೆ. ಹೊರದೇಶದಿಂದ ಬಂದದ್ದಾದರೆ ಪಕ್ಕದಲ್ಲಿ ಗೋಧಿ ತೆನೆಯ ಗುರುತಿನ ಮುದ್ರೆ ಇರುತ್ತದೆ. ಅದರಲ್ಲಿ ಎಚ್‌ಟಿ ಎಂದಿದ್ದರೆ ಕಾಯಿಸಿ ಹುಳು ಕೊಂದದ್ದು, ಧೈರ್ಯವಾಗಿ ತನ್ನಿ. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿದ್ದು, ಅಲ್ಲೇ ಬಿಡಿ. ಮುದ್ರೆಯೇ ಇಲ್ಲದಿದ್ದರೆ ಒಳನಾಡಿನದು. ಅದರ ಮೇಲೆ ಯಾವ ಎಣ್ಣೆ, ಯಾವ ರಾಸಾಯನಿಕ ಚೆಲ್ಲಿದೆಯೋ ದೇವರೇ ಬಲ್ಲ. ಮೂಸಿ ನೋಡಿ, ಕಲೆ ಇದ್ದರೆ ಬೇಡ.

ನಾನು ಮುದ್ರೆ ಇಲ್ಲದ ಎರಡು ಹಲಗೆ ಸೇರಿಸಿಬಿಟ್ಟೆ. ಆರು ತಿಂಗಳಾದ ಮೇಲೆ ಬೇಳೆ ಡಬ್ಬಿಯ ಪಕ್ಕ ದಿನಾ ಬೆಳಿಗ್ಗೆ ಚಿಟಿಕೆಯಷ್ಟು ಹಳದಿ ಪುಡಿ. ಕಡಲೆ ಹಿಟ್ಟು ಚೆಲ್ಲಿದ್ದಕ್ಕೆ ಸೊಸೆಗೆ ಎರಡು ದಿನ ಗೊಣಗಿದೆ. ಮೂರನೆಯ ದಿನ ರಾತ್ರಿ ಕಿವಿಗೊಟ್ಟರೆ ಗೂಡಿನೊಳಗೆ ಕರಕರ. ಕುಟ್ಟೆ, ಅಂದರೆ ಮರ ಕೊರೆಯುವ ಹುಳು, ಹಿಡಿದಿತ್ತು. ಸೊಸೆ ಇವತ್ತಿಗೂ ಅದನ್ನು ಮರೆತಿಲ್ಲ.

ಮಾಳಿಗೆಮನೆ · ಮಾರ್ಚ್ 16

ಬಿಚ್ಚಿದ್ದಾಯಿತು. ಏಳು ದಿನ, ಐದು ಆಳು. ಉಳಿಬಾಚಿಯವರು ಹೇಳಿದಂತೆ ಚಕ್ಕೆ ತೆಗೆದು ನಾಲಿಗೆಗೆ ಹಚ್ಚಿದೆ. ನಾಲ್ಕು ತೊಲೆ ಬೇವು, ಕಹಿ ಇನ್ನೂ ಹೋಗಿಲ್ಲ. ಎರಡು ತೊಲೆ ಮತ್ತು ತಲಬಾಗಿಲು ಸಾಗವಾನಿ. ಅಡುಗೆಮನೆಯ ಮೇಲಿದ್ದ ತೊಲೆಗೆ ಬೆರಳು ದಪ್ಪ ಇಲ್ಲಣ (ಒಲೆಯ ಹೊಗೆಯ ಮಸಿ) ಕಟ್ಟಿದೆ, ಕೆರೆದರೆ ಒಳಗೆ ಒಂದೇ ಒಂದು ಹುಳುವಿನ ತೂತಿಲ್ಲ. ಹಿತ್ತಲ ಕಡೆಯ ಜಂತಿಗಳಲ್ಲಿ ಮೂವತ್ತು ಗೆದ್ದಲಿಗೆ ಹೋಗಿವೆ. ಅವನ್ನು ಸೌದೆಗೆ ಕೊಟ್ಟೆ.

ಒಂದು ವಿಚಿತ್ರ ಕಂಡಿತು. ಸಾಗವಾನಿಯ ಎರಡೂ ತೊಲೆಗಳ ಬದಿಯಲ್ಲಿ ಅಂಗೈ ಅಗಲದ ಚೌಕ ಕುಳಿಗಳು ಸಾಲಾಗಿವೆ, ತಲಾ ಐದು. ನಮ್ಮ ಮನೆಯಲ್ಲಿ ಅವುಗಳೊಳಗೆ ಏನೂ ಕೂತಿರಲಿಲ್ಲ, ಮಣ್ಣು ತುಂಬಿ ಸುಣ್ಣ ಬಳಿದಿದ್ದರು. ಬಡಿಗೇರರು ಅಳತೆ ತಪ್ಪಿದ್ದರೇ?

ನಡುತೊಲೆಯಲ್ಲಿ ತೊಟ್ಟಿಲು ಕಟ್ಟುತ್ತಿದ್ದ ಕಬ್ಬಿಣದ ಕೊಂಡಿಯೂ ಇದೆ. ಹಗ್ಗ ಉಜ್ಜಿ ಉಜ್ಜಿ ಒಂದು ಪಕ್ಕ ಅರ್ಧ ಸವೆದಿದೆ. ಅದನ್ನು ಕಿತ್ತರೆ ತೊಲೆ ಸೀಳುತ್ತದೇನೋ ಎಂಬ ಭಯ.

ಉಳಿಬಾಚಿ · ಮಾರ್ಚ್ 16

ಅಳತೆ ತಪ್ಪಿ ಹತ್ತು ಕುಳಿ ಯಾರೂ ತೋಡುವುದಿಲ್ಲ, ತಮ್ಮಾ. ಆ ತೊಲೆ ಬೇರೆ ಮನೆಯದು. ಬದಿಯ ಕುಳಿಯಲ್ಲಿ ಅಡ್ಡ ತೊಲೆಗಳ ನಾಲಿಗೆ, ಅಂದರೆ ಕೆತ್ತಿದ ತುದಿಗಳು, ಕೂತಿದ್ದವು. ನಿಮ್ಮದಕ್ಕಿಂತ ದೊಡ್ಡ ಮನೆಯೇ ಇದ್ದಿರಬೇಕು.

ಕೋಟೆಕೆಳಗಿನ ಮೇಷ್ಟರು · ಮಾರ್ಚ್ 17

ಮುನಿರಾಬಾದ್ ಕಡೆ ಎಂದಿರಿ. ತುಂಗಭದ್ರಾ ಅಣೆಕಟ್ಟಿಗೆ 1945ರ ಫೆಬ್ರುವರಿಯಲ್ಲಿ ಅಡಿಗಲ್ಲು ಬಿತ್ತು, 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ನಡುವಿನ ವರ್ಷಗಳಲ್ಲಿ ಹಿನ್ನೀರಿನ ಊರುಗಳ ಜನ ಮನೆ ಬಿಟ್ಟು ಎದ್ದರು. ಎದ್ದವರು ಗೋಡೆಯ ಮಣ್ಣನ್ನು ಅಲ್ಲೇ ಬಿಟ್ಟರು, ಕಟ್ಟಿಗೆಯನ್ನು ಬಂಡಿಗೆ ಹೇರಿಕೊಂಡರು. ನಿಮ್ಮ ಅಜ್ಜನ ಮನೆ ಯಾವ ವರ್ಷದ್ದು? ಅವ್ವನನ್ನು ಕೇಳಿ ನೋಡಿ.

ಮಾಳಿಗೆಮನೆ · ಮಾರ್ಚ್ 19

ಕೇಳಿದೆ. ಅಜ್ಜಿಯ ತವರು ಹಿನ್ನೀರಿನಲ್ಲಿ ಹೋದ ಊರು. ಆಕೆಯ ಅಣ್ಣ ಎರಡು ತೊಲೆಗಳನ್ನು ನಾಲ್ಕು ಎತ್ತಿನ ಬಂಡಿಯಲ್ಲಿ ತಂದು ಇಳಿಸಿದ್ದನಂತೆ. ಈ ಸಂಗತಿ ನನಗೆ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ನೀನು ಯಾವತ್ತು ಕೇಳಿದ್ದೆ ಎಂದಳು ಅವ್ವ.

ತಂಗಾಳಿ · ಮಾರ್ಚ್ 19

ಸರಿ, ಈ ತೊಲೆಗಳನ್ನು ಮಾರಬೇಡಿ ಎಂದು ನಾನೂ ಹೇಳುತ್ತೇನೆ. ಪ್ಲೈವುಡ್ಡಿನ ಮಾತು ವಾಪಸು ತೆಗೆದುಕೊಂಡಿಲ್ಲ, ಅದು ಬೇರೆ.

ಅರ್ಧಇಂಜಿನಿಯರ್ (ಗಂಗಾವತಿ) · ಮಾರ್ಚ್ 20

ಲೆಕ್ಕ ಮಾಡಿ ನೋಡಿದೆ. ಹನ್ನೆರಡು ಅಡಿ ಉದ್ದ, 8×8 ಇಂಚಿನ ಒಂದು ತೊಲೆ ಎಂದರೆ 5.3 ಘನ ಅಡಿ. ಐದು ಅಡಿಗೆ ಮೂರು ಅಡಿಯ ಮೇಜು, ಒಂದೂಕಾಲು ಇಂಚು ದಪ್ಪದ ಹಲಗೆ: 1.56 ಘನ ಅಡಿ. ಮೂರು ಇಂಚಿನ ನಾಲ್ಕು ಕಾಲು: 0.6. ಕಾಲುಗಳನ್ನು ಹಿಡಿಯುವ ಅಡ್ಡಪಟ್ಟಿ: 0.35. ಒಟ್ಟು ಎರಡೂವರೆ. ಗರಗಸದ ಪುಡಿ, ಬಿರುಕು, ಕುಳಿ, ಹತ್ತರಿ ಎಂದು ನೂರಕ್ಕೆ ನಲವತ್ತು ಕಳೆದರೂ ಮೂರು ಘನ ಅಡಿ ಉಳಿಯುತ್ತದೆ. ಒಂದು ತೊಲೆಗೆ ಒಂದು ಮೇಜು.

ಸಿಂಧನೂರಕ್ಕ ಹೇಳಿದ ಕುಟ್ಟೆಗೆ ಔಷಧಿ ಏಕೆ, ನಮ್ಮ ಬಿಸಿಲಿದೆಯಲ್ಲ? ಏಪ್ರಿಲ್‌ನಲ್ಲಿ ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮಾಳಿಗೆಯ ಮೇಲೆ ಇಟ್ಟರೆ ಹುಳು ಬೆಂದು ಸಾಯುವುದಿಲ್ಲವೇ?

ಉಳಿಬಾಚಿ · ಮಾರ್ಚ್ 20

ಮಾಳಿಗೆ ಬಿಚ್ಚಿದ್ದಾಯಿತು, ಎಲ್ಲಿಡುತ್ತೀರಿ? ತಮಾಷೆಗೆ ಹೇಳಿದೆ. ಒಂದಿಂಚಿನ ಹಲಗೆಗೆ ರಾಯಚೂರಿನ ಬಿಸಿಲು ಸಾಕಾಗಬಹುದು. ತೊಲೆಗೆ ಸಾಲದು.

ಸಿಂಧನೂರಕ್ಕ · ಮಾರ್ಚ್ 21

ಆ ಪ್ಯಾಲೆಟ್ ಮುದ್ರೆಯ ನಿಯಮವೇ ಇದಕ್ಕೆ ಉತ್ತರ. ಕಟ್ಟಿಗೆಯ ತಿರುಳು 56 ಡಿಗ್ರಿ ಮುಟ್ಟಿ, ಪೂರಾ ಅರ್ಧ ಗಂಟೆ ಅಲ್ಲೇ ನಿಲ್ಲಬೇಕು. ಮೇಲ್ಮೈ ಕೈ ಸುಡುತ್ತದೆ ಎಂದರೆ ಒಳಗೂ ಸುಡುತ್ತದೆ ಎಂದಲ್ಲ. ಎಂಟು ಇಂಚಿನ ತೊಲೆಯ ನಡುವೆ ಕೂತ ಹುಳುವಿಗೆ ನಮ್ಮ ಬಿಸಿಲು ಬೆಚ್ಚನೆಯ ಹೊದಿಕೆ ಅಷ್ಟೇ. ಹಲಗೆಯಾಗಿ ಸೀಳಿದ ಮೇಲೆ ತೊಗಟೆ ಕಡೆಯ ಬಿಳಿಭಾಗವನ್ನು ಕತ್ತರಿಸಿ ತೆಗೆದುಬಿಡಿ, ಕುಟ್ಟೆ ಮೊದಲು ಹಿಡಿಯುವುದು ಅದನ್ನೇ. ಉಳಿದದ್ದಕ್ಕೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲವನ್ನು ಬಿಸಿನೀರಲ್ಲಿ ಕರಗಿಸಿ ಎರಡು ಮೂರು ಸಲ ಬಳಿಯಿರಿ. ನಾನು ಗೂಡಿನ ಹಲಗೆಗೆ ಹಾಗೆ ಮಾಡಿದೆ. ಪುಡಿ ಬೀಳುವುದು ನಿಂತಿದೆ, ಸೊಸೆಯ ಮಾತು ನಿಂತಿಲ್ಲ.

ಗುಜರಿಲೆಕ್ಕ · ಮಾರ್ಚ್ 22

ಬೆಂಗಳೂರಿಗೆ ಸಾಗಿಸುವ ಮಾತಿದ್ದರೆ ಕಾಗದದ ಕೆಲಸ ಮೊದಲು ಮುಗಿಸಿ. ಕಟ್ಟಿಗೆ ಸಾಗಣೆ 1963ರ ಕರ್ನಾಟಕ ಅರಣ್ಯ ಕಾಯ್ದೆಯ ಅಡಿ ಬರುತ್ತದೆ. ಸಾಗವಾನಿ, ಬೀಟೆ ಎಂದರೆ ದಾರಿಯಲ್ಲಿ ಕೇಳಿಯೇ ಕೇಳುತ್ತಾರೆ. ಹಳೆಯ ಮನೆಯದು ಎಂದು ಬಾಯಲ್ಲಿ ಹೇಳಿದರೆ ಲಾರಿ ಮುಂದೆ ಹೋಗುವುದಿಲ್ಲ, ನನ್ನದು ಒಮ್ಮೆ ಎರಡು ರಾತ್ರಿ ನಿಂತಿತ್ತು. ಬಿಚ್ಚುವ ಮೊದಲಿನ ಫೋಟೊ, ಮನೆಯ ಉತಾರ (ಆಸ್ತಿ ದಾಖಲೆ), ಪಂಚಾಯಿತಿಯ ಪತ್ರ ಹಿಡಿದು ವಲಯ ಅರಣ್ಯ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಇಲ್ಲವೇ ಮೇಜು ಇಲ್ಲೇ ಮಾಡಿಸಿ ಪೀಠೋಪಕರಣವಾಗಿಯೇ ಒಯ್ಯಿರಿ. ನನ್ನ ಮಾತು ಕೇಳಿದರೆ ಎರಡನೆಯದೇ ಮೇಲು.

ಮಾಳಿಗೆಮನೆ · ಏಪ್ರಿಲ್ 6

ಸಾಮಿಲ್ಲಿನಲ್ಲಿ ಅನಾಹುತ ಆಯಿತು. ಕಣ್ಣಿಗೆ ಕಂಡ ಮೊಳೆಗಳನ್ನೆಲ್ಲ ಕಿತ್ತಿದ್ದೆ. ಮೊದಲನೆಯ ಬೇವಿನ ತೊಲೆ ಬೆಣ್ಣೆಯಂತೆ ಸೀಳಿತು. ಎರಡನೆಯದರ ನಡುವೆ ಬಂದಾಗ ಕಿರ್ ಎಂದು ಕಿಡಿ ಹಾರಿ ಪಟ್ಟಿ ಗರಗಸ ತುಂಡಾಯಿತು. ಎಲ್ಲರೂ ಹಿಂದೆ ಹಾರಿದೆವು, ಯಾರಿಗೂ ಏನೂ ಆಗಲಿಲ್ಲ. ಒಳಗೆ ನೋಡಿದರೆ ತಲೆಯಿಲ್ಲದ ಚೌಕ ಮೊಳೆ, ನಾಲ್ಕು ಇಂಚು ಉದ್ದ, ಕಮ್ಮಾರನ ಸುತ್ತಿಗೆಯ ಏಟುಗಳು ಇನ್ನೂ ಕಾಣುತ್ತವೆ. ಮೊಳೆಯ ಸುತ್ತ ಕಟ್ಟಿಗೆ ಮಸಿ ಸುರಿದಂತೆ ಕಪ್ಪಾಗಿದೆ. ಸಾಮಿಲ್ಲಿನವರು ಗರಗಸದ ದುಡ್ಡು ಕೇಳಿದರು. ಕೊಟ್ಟೆ, ನ್ಯಾಯವೇ. ಉಳಿದ ತೊಲೆಗಳನ್ನು ಮುಟ್ಟುವುದಿಲ್ಲ ಎಂದರು. ಅದೂ ನ್ಯಾಯವೇ ಇರಬಹುದು, ಆದರೆ ಈಗ ನಾನೇನು ಮಾಡಲಿ?

ಉಳಿಬಾಚಿ · ಏಪ್ರಿಲ್ 6

ಇದನ್ನು ಮೊದಲೇ ಹೇಳಬೇಕಿತ್ತು, ತಪ್ಪು ನನ್ನದು. ಹಳೆಯ ಸ್ಪೀಕರ್ ಒಡೆದು ಹಿಂಭಾಗದ ಅಯಸ್ಕಾಂತ ತೆಗೆಯಿರಿ. ಮೊಳದುದ್ದ ದಾರಕ್ಕೆ ಕಟ್ಟಿ ತೊಲೆಯ ಮೇಲೆ ಕೂದಲೆಳೆಯ ಅಂತರದಲ್ಲಿ ಮೆಲ್ಲಗೆ ಸರಿಸಿ. ಮೊಳೆ ಇದ್ದಲ್ಲಿ ಅಯಸ್ಕಾಂತ ವಾಲುತ್ತದೆ, ದೇವರ ಪಲ್ಲಕ್ಕಿ ಮನೆ ಮುಂದೆ ವಾಲಿದ ಹಾಗೆ. ನಾಲ್ಕೂ ಮಗ್ಗುಲಲ್ಲಿ ಮಾಡಿ, ವಾಲಿದಲ್ಲಿ ಸೀಮೆಸುಣ್ಣದ ಗುರುತು ಹಾಕಿ. ತೀರಾ ಆಳದ್ದು ಇದಕ್ಕೂ ಸಿಗುವುದಿಲ್ಲ. ಅದಕ್ಕೆ ಸುಲಭದ ಸಾಕ್ಷಿ ಮೇಲ್ಮೈಯ ಕಪ್ಪು ಕಲೆ. ಕಬ್ಬಿಣಕ್ಕೂ ಕಟ್ಟಿಗೆಯ ಒಗರಿಗೂ ನೀರು ಸೇರಿದರೆ ಮಸಿಯಾಗುತ್ತದೆ. ಕಲೆ ಕಂಡಲ್ಲಿ ಮೊಳೆ ಇದೆ ಎಂದೇ ತಿಳಿಯಿರಿ.

ತಲೆ ಮುರಿದ ಮೊಳೆಯನ್ನು ಮೇಲಿನಿಂದ ಎಳೆಯಲು ಹೋಗಬೇಡಿ. ಸುತ್ತ ಬೈರಿಗೆಯಿಂದ ನಾಲ್ಕು ತೂತು ಕೊರೆದು ಕಟ್ಟಿಗೆ ಸಡಿಲ ಮಾಡಿ, ಇಕ್ಕಳದಿಂದ ಹಿಡಿದು ತಿರುಗಿಸುತ್ತ ತೆಗೆಯಿರಿ. ಒಂದು ಮೊಳೆಗೆ ಹತ್ತು ನಿಮಿಷ ಹಿಡಿಯುತ್ತದೆ. ಹಳೆಯ ಕಟ್ಟಿಗೆಯ ಬೆಲೆ ಎಂದರೆ ಈ ಹತ್ತು ನಿಮಿಷಗಳ ಬೆಲೆ, ಕಟ್ಟಿಗೆಯದಲ್ಲ.

ಉಳಿದ ನಾಲ್ಕು ತೊಲೆಗಳನ್ನು ಟ್ರ್ಯಾಕ್ಟರಿನಲ್ಲಿ ರಾಯಚೂರಿಗೆ ತಂದರೆ ನಾನು ಸೀಳಿಸಿಕೊಡುತ್ತೇನೆ. ಕೊಂಡಿ ಇರುವ ತೊಲೆಯನ್ನು ಬೇರೆ ಇಡಿ. ಕೊಂಡಿ ಕೀಳಬೇಡಿ.

ಮಾಳಿಗೆಮನೆ · ಏಪ್ರಿಲ್ 7

ಖಂಡಿತ ತರುತ್ತೇನೆ. ಇನ್ನೆರಡು ಪ್ರಶ್ನೆ. ಬಂಡಿಯ ಗಾಲಿಗೆ ಗಾಜು ಹಾಕಿ ಟೀಪಾಯಿ ಮಾಡಬಹುದೇ? ನಮ್ಮ ಕಾಕಾ ಅವರ ಗೆಳೆಯರ ಹತ್ತಿರ ರೈಲು ಹಳಿಯ ಕೆಳಗೆ ಹಾಸುವ ಹಳೆಯ ಮರದ ಸ್ಲೀಪರ್ ನಾಲ್ಕಿವೆಯಂತೆ, ಬೆಂಚಿಗೆ ಆಗುತ್ತವೆಯೇ?

ಗುಜರಿಲೆಕ್ಕ · ಏಪ್ರಿಲ್ 7

ಸ್ಲೀಪರ್ ಮನೆಯೊಳಗೆ ಬೇಡ. ನಮ್ಮ ಗುಂತಕಲ್ಲು–ಹುಬ್ಬಳ್ಳಿ ದಾರಿಯಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದಾಗ ಮರದ ಸ್ಲೀಪರ್ ಬೇಕಾದಷ್ಟು ಸಿಗುತ್ತಿತ್ತು, ಎಷ್ಟೋ ಮನೆಗಳ ಅಂಗಳ ಸೇರಿತು. ಬಾಳಿಕೆ ಬರಲೆಂದು ಸ್ಲೀಪರಿಗೆ ಕ್ರಿಯೊಸೋಟ್ ಎಂಬ ಡಾಂಬರಿನೆಣ್ಣೆ ಕುಡಿಸುತ್ತಿದ್ದರು. ಅದು ಕ್ಯಾನ್ಸರ್ ತರುವ ವಸ್ತು. ಬೇಸಿಗೆಯಲ್ಲಿ ಇವತ್ತಿಗೂ ಬೆವರುತ್ತದೆ, ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ. ಸೀಳಬೇಡಿ, ಸುಡಬೇಡಿ, ಅದರ ಮೇಲೆ ಮಕ್ಕಳನ್ನು ಕೂರಿಸಬೇಡಿ.

ಉಳಿಬಾಚಿ · ಏಪ್ರಿಲ್ 8

ಗಾಲಿ ಕರಿಜಾಲಿಯದೇ ಇರುತ್ತದೆ, ಕಲ್ಲಿನ ಹಾಗೆ. ಗಾಲಿಯ ಸುತ್ತಿನ ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸಿ ತೊಡಿಸಿ ನೀರು ಹುಯ್ದಿರುತ್ತಾರೆ, ಅದು ಬಿಗಿದು ಅರೆಗಳನ್ನೆಲ್ಲ (ಗಾಲಿಯ ಕಡ್ಡಿಗಳು) ನಡುವಿನ ಗುಂಬಕ್ಕೆ ಒತ್ತಿ ಹಿಡಿದಿರುತ್ತದೆ. ಹತ್ತು ವರ್ಷ ಹಿತ್ತಲಲ್ಲಿ ಒಣಗಿದ ಗಾಲಿಯಲ್ಲಿ ಆ ಬಿಗಿ ಇಲ್ಲ, ಅಲುಗಿಸಿದರೆ ಗಡಗಡ ಎನ್ನುತ್ತದೆ. ಅರೆಗಳ ಬುಡಕ್ಕೆ ಬೆಣೆ ಹೊಡೆದು ಬಿಗಿ ಮಾಡದೆ ಮೇಲೆ ಗಾಜು ಇಡಬೇಡಿ. ಗುಂಬ ಮೇಲಕ್ಕೆ ಚಾಚಿರುತ್ತದಲ್ಲ, ಅದನ್ನು ಕತ್ತರಿಸುವವರನ್ನು ಕಂಡರೆ ನನಗಾಗದು. ಗಾಜನ್ನು ನಾಲ್ಕು ಗುಜ್ಜಿನ ಮೇಲೆ ಎತ್ತರಿಸಿ.

ಅರ್ಧಇಂಜಿನಿಯರ್ · ಏಪ್ರಿಲ್ 8

ಜಾಲಿ ಎಂದಾಗ ನೆನಪಾಯಿತು. ಹೊಲ, ಹಳ್ಳ, ಕಾಲುವೆ ದಂಡೆ ಎಲ್ಲ ನುಂಗಿ ಕೂತ ಬಳ್ಳಾರಿ ಜಾಲಿಯನ್ನು ಇದ್ದಿಲು ಸುಡುವುದೊಂದೇ ದಾರಿ ಎಂದುಕೊಂಡಿದ್ದೇವೆ. ಹೆಸರು ನಮ್ಮದಾದರೂ ಗಿಡ ಅಮೆರಿಕ ಖಂಡದ್ದು. ಅಲ್ಲಿ ಅದರ ಬಳಗದ ಮರಗಳಿಂದ ಮೇಜು, ನೆಲಹಾಸು ಮಾಡುತ್ತಾರೆ, ಒಣಗುವಾಗ ಅದು ಕುಗ್ಗುವುದು ಬಹಳ ಕಡಿಮೆ. ಇಲ್ಲಿ ಯಾರಾದರೂ ಮಾಡಿದ್ದೀರಾ?

ಉಳಿಬಾಚಿ · ಏಪ್ರಿಲ್ 8

ಒಂದು ಸ್ಟೂಲು ಮಾಡಿದ್ದೇನೆ. ನೇರ ಹಲಗೆ ಮೂರಡಿ ಸಿಕ್ಕರೆ ಹಬ್ಬ. ಮುಳ್ಳು ಮಾತ್ರ ಎರಡು ವಾರ ಅಂಗಾಲಲ್ಲಿತ್ತು.

ಮಾಳಿಗೆಮನೆ · ಮೇ 11

ಹಲಗೆಗಳು ಸಿದ್ಧವಾಗಿವೆ. ಈಗ ಮನೆಯಲ್ಲಿ ಬೇರೆಯೇ ಜಗಳ. ತಲಬಾಗಿಲ ಹೊಸ್ತಿಲು ನಾಲ್ಕೂವರೆ ಅಡಿಯ ಸಾಗವಾನಿ, ನಡುವೆ ನಾಲ್ಕು ತಲೆಮಾರಿನ ಕಾಲು ತಾಗಿ ದೋಣಿಯಂತೆ ತಗ್ಗಾಗಿದೆ. ಅದೇ ಬೆಂಚಿನ ಮೇಲ್ಹಲಗೆ ಆಗಲಿ ಎಂದೆ. ಹೊಸ್ತಿಲ ಮೇಲೆ ಕುಳಿತುಕೊಳ್ಳಬಾರದು, ಹೊತ್ತು ಮುಳುಗುವಾಗ ದೀಪ ಇಟ್ಟ ಜಾಗ ಅದು ಎಂದು ಸೋದರತ್ತೆ ಫೋನಿನಲ್ಲಿ ಬೈದರು.

ಸಿಂಧನೂರಕ್ಕ · ಮೇ 11

ಸೋದರತ್ತೆಯ ಪರ ನಾನು. ಅರಿಸಿನ ಕುಂಕುಮ ಹಚ್ಚಿದ್ದರ ಮೇಲೆ ಹೇಗೆ ಕೂರುತ್ತೀರಿ?

ತಂಗಾಳಿ · ಮೇ 11

ನಾಲ್ಕು ತಲೆಮಾರು ತುಳಿದದ್ದು ತಪ್ಪಲ್ಲ, ಕೂತರೆ ತಪ್ಪೇ?

ಸಿಂಧನೂರಕ್ಕ · ಮೇ 12

ತುಳಿಯುತ್ತಿರಲಿಲ್ಲ, ದಾಟುತ್ತಿದ್ದರು. ಸವೆದದ್ದು ನಿಮ್ಮಂಥ ಗಂಡಸರಿಂದ.

ಕೋಟೆಕೆಳಗಿನ ಮೇಷ್ಟರು · ಮೇ 12

ಗೋಡೆಗೆ ಹೊಂದಿಸಿ ದೇವರ ದೀಪದ ಹಲಗೆ ಮಾಡಿಬಿಡಿ. ಅತ್ತೆಗೂ ಸಮಾಧಾನ, ತಗ್ಗಿನಲ್ಲಿ ಎಣ್ಣೆ ಬಟ್ಟಲು ಜಾರದೆ ಕೂರುತ್ತದೆ.

ಮಾಳಿಗೆಮನೆ · ಮೇ 12

ಮೇಷ್ಟರೇ, ಅತ್ತೆ ಒಪ್ಪಿದರು.

ಉಳಿಬಾಚಿ · ಮೇ 14

ಹಲಗೆಗಳು ನನ್ನ ಅಂಗಡಿಯಲ್ಲಿವೆ, ಆದ್ದರಿಂದ ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ. ಎಂಬತ್ತು ವರ್ಷದ ಕಟ್ಟಿಗೆ ಒಣಗಿದೆ, ಇನ್ನು ಅಲುಗುವುದಿಲ್ಲ ಎಂದು ತಿಳಿಯಬೇಡಿ. ತೊಲೆಯಾಗಿದ್ದಾಗ ಒಳಗೊಂದು ಬಿಗಿ ಇರುತ್ತದೆ, ಸೀಳಿದೊಡನೆ ಅದು ಬಿಟ್ಟು ಹಲಗೆ ಬಾಗುತ್ತದೆ. ಅದಕ್ಕೇ ದಪ್ಪಗೆ ಸೀಳಿ, ನಡುವೆ ಪಟ್ಟಿ ಕೊಟ್ಟು ಮೂರು ವಾರ ನೆರಳಿನಲ್ಲಿ ಪೇರಿಸಿದ್ದೆ. ಈಗ ಹತ್ತರಿ ಹೊಡೆಯುತ್ತೇನೆ. ಹೊಡೆದ ದಿನವೇ ಅಂಟು ಹಚ್ಚಬೇಕು. ಇಲ್ಲಣದ ಎಣ್ಣೆ ಇಳಿದ ಹಳೆಯ ಮೇಲ್ಮೈಗೆ ಯಾವ ಅಂಟೂ ಹಿಡಿಯುವುದಿಲ್ಲ.

ಇನ್ನೊಂದು. ಮೇಜು ಮಾಡುವುದು ರಾಯಚೂರಿನ ಮೇ ತಿಂಗಳಲ್ಲಿ, ಇರುವುದು ಬೆಂಗಳೂರಿನಲ್ಲಿ. ಅಲ್ಲಿನ ತೇವಕ್ಕೆ ಅಗಲದಲ್ಲಿ ಹಿಗ್ಗಿಯೇ ಹಿಗ್ಗುತ್ತದೆ. ಮೇಲ್ಹಲಗೆಯನ್ನು ಕೆಳಗಿನ ಪಟ್ಟಿಗೆ ಬಿಗಿಯಾಗಿ ಸ್ಕ್ರೂ ಹೊಡೆದರೆ ಮೊದಲ ಮಳೆಗಾಲಕ್ಕೆ ಪಟ್ಟಿಯನ್ನೇ ಒಡೆಯುತ್ತದೆ. ಸ್ಕ್ರೂ ತೂತನ್ನು ಉದ್ದಕ್ಕೆ ಕೊರೆದು ಸರಿಯಲು ಜಾಗ ಬಿಡುತ್ತೇನೆ. ಕಾಲಿಗೆ ಮೊಳೆ ಹಾಕುವುದಿಲ್ಲ, ಕುಳಿ ತೋಡಿ ನಾಲಿಗೆ ಕೂರಿಸಿ ಮರದ ಗೂಟ. ಈ ಕಟ್ಟಿಗೆಗೆ ಇನ್ನೊಂದು ಮೊಳೆ ಹೊಡೆಯುವ ಧೈರ್ಯ ನನಗಿಲ್ಲ.

ಮಾಳಿಗೆಮನೆ · ಮೇ 14

ಮೊಳೆ ಕಿತ್ತ ತೂತುಗಳನ್ನು ಏನು ಮಾಡುತ್ತೀರಿ, ಉಳಿಬಾಚಿ ಕಾಕಾ? ಪಾಲಿಶ್ ಯಾವುದು?

ಉಳಿಬಾಚಿ · ಮೇ 15

ಮೇಲ್ಹಲಗೆಯ ದೊಡ್ಡ ಕುಳಿಗಳಿಗೆ ಅದೇ ತೊಲೆಯ ತುಂಡು ಕತ್ತರಿಸಿ ಕೂರಿಸುತ್ತೇನೆ, ಅನ್ನ ಸಿಕ್ಕಿಕೊಳ್ಳಬಾರದಲ್ಲ. ಸಣ್ಣ ತೂತಿಗೆ ಕೊಪ್ಪಳದ ಪಕ್ಕದ ಕಿನ್ನಾಳದವರ ದಾರಿ. ಅವರು ಗೊಂಬೆ ಮಾಡುವಾಗ ಮರದ ಪುಡಿ, ಸೆಣಬಿನ ಚೂರು, ಹುಣಸೆ ಬೀಜದ ಅಂಟು ಕಲಸಿ ಕಿಟ್ಟ ಎಂದು ಮಾಡಿಕೊಳ್ಳುತ್ತಾರೆ. ನಾನು ಸೆಣಬು ಬಿಟ್ಟು ಇದೇ ಕಟ್ಟಿಗೆಯ ಪುಡಿ ಸೇರಿಸುತ್ತೇನೆ, ಬಣ್ಣ ಹೊಂದುತ್ತದೆ. ನೀರು ಬೀಳುವ ಕಡೆಗೆ ಮಾತ್ರ ಬೇಡ, ನೆನೆದರೆ ಬಿಡುತ್ತದೆ. ಕಪ್ಪು ಕಲೆ ಬೇಡವೆಂದರೆ ಆಕ್ಸಾಲಿಕ್ ಆಮ್ಲದಲ್ಲಿ ತೊಳೆಯಬಹುದು, ಕೈಗವಸು ಬೇಕು. ನನ್ನನ್ನು ಕೇಳಿದರೆ ಬಿಟ್ಟುಬಿಡಿ.

ಪಾಲಿಶಿಗೆ ಕಾಯಿಸಿದ ಅಗಸೆ ಎಣ್ಣೆ, ತೆಳ್ಳಗೆ ಮೂರು ಸಲ, ನಡುವೆ ಎರಡೆರಡು ದಿನ ಬಿಡುವು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ತಾನಾಗಿ ಬೆಂಕಿ ಹೊತ್ತಿಕೊಳ್ಳುತ್ತದೆ. ತಂತಿಯ ಮೇಲೆ ಹರವಿ ಒಣಗಿಸಿ ಅಥವಾ ನೀರಲ್ಲಿ ಮುಳುಗಿಸಿ.

ಮಾಳಿಗೆಮನೆ · ಆಗಸ್ಟ್ 24

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಮೇಜು ಮತ್ತು ಬೆಂಚು ಜೂನ್ ಕೊನೆಗೆ ಬಂದವು. ಒಟ್ಟು ಖರ್ಚು ತಂಗಾಳಿಯವರು ಹೇಳಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಆಯಿತು. ಪುಸ್ತಕದ ಕಪಾಟು ಆಗಲಿಲ್ಲ. ಹಸಿರು ಬಾಗಿಲುಗಳು ಊರಲ್ಲೇ ಇವೆ, ಕೆರೆಯುವ ತಾಳ್ಮೆ ನನಗೆ ಬರಬೇಕು.

ಮೇಜು ಸಾಗವಾನಿಯ ತೊಲೆಯದು. ಬದಿಯ ಐದು ಕುಳಿಗಳಲ್ಲಿ ಒಂದನ್ನು ಮಾತ್ರ ಉಳಿಬಾಚಿ ಕಾಕಾ ಮುಚ್ಚದೆ ಅಂಚಿನಲ್ಲಿ ಬಿಟ್ಟಿದ್ದಾರೆ, ಉಪ್ಪಿನ ಬಟ್ಟಲು ಸರಿಯಾಗಿ ಕೂರುತ್ತದೆ. ಮಳೆ ಹಿಡಿದ ಮೇಲೆ ಮೇಲ್ಹಲಗೆ ಒಂದು ಪಕ್ಕ ಅರ್ಧ ದಾರದಷ್ಟು ಸರಿದಿದೆ. ಬಿರುಕು ಇಲ್ಲ.

ಬೆಂಚು ನಡುತೊಲೆಯದು. ಕೊಂಡಿ ಕೆಳಮುಖವಾಗಿ ಹಾಗೆಯೇ ಇದೆ. ಮಗಳು ಅದಕ್ಕೆ ಶಾಲೆಯ ಚೀಲ ನೇತುಹಾಕುತ್ತಾಳೆ. ಅವ್ವ ಬಂದವಳು ಮೊದಲು ಕೂರಲಿಲ್ಲ. ಬಗ್ಗಿ ಕೊಂಡಿಯನ್ನು ಕೈಯಲ್ಲಿ ಒಮ್ಮೆ ಎಳೆದು ನೋಡಿದಳು, ತೊಟ್ಟಿಲು ಕಟ್ಟುವ ಮೊದಲು ನೋಡುತ್ತಾರಲ್ಲ, ಹಾಗೆ. ಆಮೇಲೆ ಕೂತು, ಚಹಾ ತಾ ಎಂದಳು.

ಉಳಿಬಾಚಿ · ಆಗಸ್ಟ್ 24

ಸಂತೋಷ. ಕಿತ್ತ ಮೊಳೆಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದೆನಲ್ಲ, ಏನು ಮಾಡಿದಿರಿ?

ಮಾಳಿಗೆಮನೆ · ಆಗಸ್ಟ್ 25

ಮೂರೂವರೆ ಕಿಲೋ ಇದ್ದವು. ಆ ಚೌಕ ಮೊಳೆಯೊಂದನ್ನು ಇಟ್ಟುಕೊಂಡು ಉಳಿದದ್ದನ್ನು ಗುಜರಿಗೆ ಹಾಕಿದೆ. ಅವ್ವನಿಗೆ ಹೇಳಿಲ್ಲ.

ಗುಜರಿಲೆಕ್ಕ · ಆಗಸ್ಟ್ 25

ಕಿಲೋಗೆ ಎಷ್ಟು ಕೊಟ್ಟರು?